ದ್ವಾದಶಿ ದಿನದ ಜಪ್ತಿ

ನಮ್ಮ ಮಾವನೋರನ್ನ ಹೊಗಳೋ ಮಂದಿ ಇನ್ನೂ ಇದ್ದಾರ. ಕರನಿರಾಕರಣೆಯ ಗದ್ದಲದಾಗ ಸರ್ಕಾರದ ಕುಲಕರ್ಣಿಕಿ ಬಿಟ್ಟುಕೊಟ್ಟವರು, ದೊಡ್ಡ ಮನಸ್ಸಿನವರು ಅಂತಾರ. ಹೌದು, ಬಿಟ್ಟರು. ಯಾವ ದಿನ ಬಿಟ್ಟರು, ಆ ದಿನ ನಮ್ಮ ಹಿತ್ತಲದಾಗ ಏನಾತು ಅನ್ನೋದನ್ನ ಯಾರೂ ಕೇಳಂಗಿಲ್ಲ. ಹೊಗಳಿಕಿ ಕೇಳಿ ಕೇಳಿ ನನ್ನ ಕಿವಿ ಸುಡಲಿಕ್ಕತ್ತಾವ, ಅದಕ್ಕ ಬರೀಲಿಕ್ಕೆ ಕೂತೇನಿ.

ನನ್ನ ತವರು ಸವಣೂರು. ಲಗ್ನಾಗಿ ಹಿರೇಕೆರೂರ ತಾಲೂಕಿನ ಈ ಹಳ್ಳಿಗೆ ಬಂದಾಗ ನನಗ ಹದಿನಾರು. ಗಂಡ ಶಿಗ್ಗಾಂವಿಯೊಳಗ ಸಾಲಿ ಮಾಸ್ತರ, ಸೂಟಿ ಬಿಟ್ಟಾಗಷ್ಟೇ ಬರ್ತಿದ್ರು. ಮನಿಯೊಳಗ ಅತ್ತಿ, ಮಾವ, ನಾನು. ಮಾವ ಊರಿನ ಕುಲಕರ್ಣಿ, ಅಂದ್ರ ಯಾರ ಹೊಲಕ್ಕ ಸರ್ಕಾರದ ತೆರಿಗಿ, ಅದೇ ಪಟ್ಟಿ, ಎಷ್ಟು ಅಂತ ಬರದಿಡೋರು. ಅತ್ತಿಯ ರಾಜ್ಯ ಅಡಿಗಿ ಮನಿ. ಅಲ್ಲಿ ಮಡಿ ಅಂದ್ರ ಅಂಥಿಂಥ ಮಡಿ ಅಲ್ಲ! ಒಣ ಹಾಕಿದ ಮಡಿ ಸೀರಿಗೆ ಗಾಳಿ ಬೀಸಿ ಗ್ವಾಡಿ ತಾಗಿದ್ರೂ ಮತ್ತ ನೀರಾಗ ಅದ್ದಬೇಕು. ನಾನೇನು ಕಡಿಮಿ ಇರಲಿಲ್ಲ ಬಿಡ್ರಿ. ಮಡಿ ಉಟ್ಟಾಗ ಬಾಯಿಂದ ಸುಳ್ಳು ಬರಬಾರದು ಅಂತ ತವರಿನಾಗ ನಮ್ಮಜ್ಜಿ ಕಲಿಸಿದ್ದಳು. ಅದನ್ನ ಒಂದು ದಿನಾನೂ ಮುರದಿಲ್ಲ ಅಂತ ನನಗ ಭಾಳ ಸೊಕ್ಕು ಇತ್ತು.

ಹಿತ್ತಲದ ಗ್ವಾಡಿ ಆಚೆ ಒಂದು ಒಕ್ಕಲಿಗರ ಮನಿ. ಆ ಮನಿಯಾಕಿ ನನಗಿಂತ ಎಂಟ್ಹತ್ತು ವರ್ಷ ದೊಡ್ಡಾಕಿ, ನಾನು ಅಕ್ಕ ಅಂತಿದ್ದೆ, ಆಕಿ ನನಗ ಬಾಯಾರ ಅಂತಿದ್ಲು. ಹೊಸ ಊರಿನಾಗ ತವರು ನೆನಸಿಕೊಂಡು ನಾನು ಬಾವಿ ಕಟ್ಟಿಮ್ಯಾಲೆ ಕೂತು ಅಳೋವಾಗ ಗ್ವಾಡಿ ಮ್ಯಾಲಿಂದ ಮಾರಿ ಹಾಕಿ, "ಅಳೂದು ಮುಗದ ಮ್ಯಾಲೆ ಹೇಳ್ರಿ, ಒದಿಯೋ ಎಮ್ಮಿ ಹೆಂಗ ಹಿಂಡೂದು ತೋರಸ್ತೇನಿ" ಅಂದಾಕಿ ಆಕಿ. ನಮ್ಮ ಎಮ್ಮಿ ನನ್ನ ಕೈಗೆ ಒಗ್ಗಿದ್ದು ಆಕಿಯ ಪುಣ್ಯೇವು.

ಆ ಹೊತ್ತಿಗೆ ಹತ್ತಿ ಬೆಲಿ ಬಿದ್ದು ಹೋಗಿತ್ತು. ಪೇಟಿಗೆ ಗಾಡಿ ಹೊಡಕೊಂಡು ಹೋದವರು ಮಾರಿ ಸಣ್ಣ ಮಾಡಿಕೊಂಡು ತಿರುಗಿ ಬರ್ತಿದ್ರು. ಪಟ್ಟಿ ಮಾತ್ರ ಒಂದು ಕಾಸು ಇಳೀಲಿಲ್ಲ. ಮ್ಯಾಲಿಂದ ಮ್ಯಾಲೆ ಅದನ್ನ ಏರಸೋ ಮಾತು ನಡದಿತ್ತು. ನಾನು ಕುಲಕರ್ಣಿ ಸೊಸಿ, ಪಟ್ಟಿ ಅಂದ್ರ ಮಳಿ ಬಿಸಲು ಇದ್ಹಂಗ, ಅದು ಇರೋದೇ, ಅಂತ ತಿಳದಾಕಿ. ಅಕ್ಕ ಹಂಗಲ್ಲ.

"ನೋಡ್ರಿ ಬಾಯಾರ, ಹತ್ತಿ ನಾವು ಬೆಳೀಬೇಕು, ಅದರ ಬೆಲಿ ಅವರು ಹೇಳಬೇಕು. ಅದೇ ಹತ್ತಿ ಹಡಗಿನ್ಯಾಗ ಹೋಗಿ ಅರಿವಿ ಆಗಿ ಬಂದ್ರ ಅದರ ಬೆಲೀನೂ ಅವರೇ ಹೇಳಬೇಕು. ಉಣ್ಣೋ ಉಪ್ಪಿಗೂ ತೆರಿಗಿ. ಸಮುದ್ರ ಏನು ಇವರಪ್ಪನ ಮನೀದೇನ್ರಿ?"

"ಸಣ್ಣಕ ಮಾತಾಡವ್ವ, ಮಾವನೋರು ಕಟ್ಟಿಮ್ಯಾಲೆ ಕೂತಾರ" ಅಂತಿದ್ದೆ ನಾನು.

"ಕೇಳ್ಲಿ ಬಿಡ್ರಿ. ಅವರ ಲೆಕ್ಕಣಿಕಿಗೂ ಒಂದೀಟು ಬುದ್ಧಿ ಬರಲಿ" ಅಂತ ಇನ್ನೂ ದನಿ ಏರಸ್ತಿದ್ಲು. ಮಾವ ಕೆಮ್ಮಿ, ಎದ್ದು ಒಳಗ ಹೋಗ್ತಿದ್ರು. ಅವರಿಗೂ ಆಕಿ ಮಾತು ಖರೆ ಅನಸಿರಬೇಕು ಅಂತ ಈಗ ಅನಸ್ತದ.

ಪಟ್ಟಿ ಕೊಡಂಗಿಲ್ಲ ಅಂತ ಊರವರು ಆಣಿ ಮಾಡಿದ್ರು. ಅಕ್ಕನ ಗಂಡನ್ನ ಮೊದಲನೇ ವಾರದಾಗೇ ಹಿಡಕೊಂಡು ಹೋಗಿ ಜೈಲಿಗೆ ಹಾಕಿದ್ರು. ಆಮ್ಯಾಲೆ ಜಪ್ತಿ ಶುರು ಆತು. ಪಟ್ಟಿ ಕೊಡದವರ ಮನಿ ಹೊಕ್ಕು ದನಾ, ಕಾಳು, ಭಾಂಡೆ ಎಳದು ತಂದು ಚಾವಡಿ ಮುಂದ ಸವಾಲು ಹಾಕಿ ಮಾರೋದು. ಮಂದಿ ಏನು ಕಡಿಮಿ? ದನಾ ರಾತ್ರೋರಾತ್ರಿ ಮೈಸೂರು ಸೀಮಿಗೆ ಹೊಡದ್ರು. ಕಾಳು ಹತ್ತಿಮತ್ತೂರಿನ ಬೀಗರ ಮನಿಗೆ ಸಾಗಿಸಿದ್ರು. ಅಕ್ಕನ ಹತ್ರ ಉಳದಿದ್ದು ಒಂದೇ, ಬೀಜದ ಜ್ವಾಳ.

ಆ ಬೀಜಾ ಆಕಿಯ ಜೀವ. ಹೊಲದಾಗ ತೆನಿ ನಿಂತಾಗಲೇ ಒಂದೊಂದು ಗಿಡಾ ನೋಡಿ, ಛಲೋ ತೆನಿಗೆ ದಾರಾ ಕಟ್ಟಿ ಬರ್ತಿದ್ಲು. ಆ ತೆನಿ ಅಷ್ಟೇ ಬ್ಯಾರೆ ಬಡದು, ಬೂದಿ ಹಚ್ಚಿ, ತಾಮ್ರದ ಹಂಡೆದಾಗ ತುಂಬಿ ಬಾಯಿಗೆ ಅರಿವಿ ಕಟ್ಟಿ ಇಡ್ತಿದ್ಲು. ಅವರ ಅತ್ತಿ, ಅತ್ತಿಯ ಅತ್ತಿ ಹಂಗೇ ಆರಿಸಿ ಆರಿಸಿ ಕಾಯ್ದುಕೊಂಡು ಬಂದ ಬೀಜಾ ಅದು. ಅದು ಹೋತಂದ್ರ ಮುಂಗಾರಿಗೆ ಬಿತ್ತಲಿಕ್ಕೆ ಏನೂ ಇಲ್ಲ, ಹೊಲಾ ಬೀಳು ಬೀಳ್ತದ. ಗಂಡ ಜೈಲಿನಾಗ. ಹೊಲಾ ಬೀಳು ಬಿದ್ರ ಹಸಿವಿಗೆ ಸೋತು ಆಣಿ ಮುರದು ಸರ್ಕಾರಕ್ಕ ಕೈ ಮುಗೀಬೇಕಾಗ್ತದ ಅಂತ ಆಕಿ ಹೆದರಿಕಿ.

ಅವತ್ತು ದ್ವಾದಶಿ. ಹಿಂದಿನ ದಿನ ಉಪವಾಸ, ಮುಂಜಾನೆ ಲಗೂನೆ ಅಡಿಗಿ ಆಗಿ ದೇವರಿಗೆ ನೈವೇದ್ಯ ಆಗಬೇಕು. ನಾನು ಮಡಿ ಉಟ್ಟು ಬಾವಿಯಿಂದ ನೀರು ಸೇದಲಿಕ್ಕತ್ತಿದ್ದೆ. ಅಕ್ಕ ಹಂಡೆ ಬಗಲಾಗಿಟ್ಟುಕೊಂಡು ಹಿತ್ತಲ ಬಾಗಿಲದಾಗ ಬಂದು ನಿಂತಳು, ಏದುಸಿರು.

"ಬಾಯಾರ, ಜಪ್ತಿಯವರು ಬಂದಾರ. ಮ್ಯಾಗಿನ ಓಣ್ಯಾಗ ಅದಾರ. ಇದನ್ನ ಒಳಗಿಟ್ಟುಕೊಳ್ರಿ. ಕುಲಕರ್ಣಿಯವರ ಮನಿಯಾಗ ಯಾರೂ ಹುಡುಕಂಗಿಲ್ಲ."

ಮಾತು ಖರೇನೇ. ನಮ್ಮ ಹೊಸ್ತಿಲ ದಾಟಿ ಒಂದು ಮೂಲ್ಯಾಗ ಇಟ್ಟಿದ್ರ ಆಗ್ತಿತ್ತು. ನಾನೇನು ಮಾಡಿದೆ? ಎರಡು ಹೆಜ್ಜಿ ಹಿಂದ ಸರದೆ, ಆಕಿ ಸೆರಗು ತಾಗೀತು ಅಂತ!

"ಮಡಿಯೊಳಗಿದ್ದೇನಿ ಅಕ್ಕ, ಮುಟ್ಟಬ್ಯಾಡ. ಒಳಗ ಅತ್ತಿ ಇದ್ದಾರ. ಅಲ್ಲೇ ಬಾವಿ ಬಾಜೂಕ ಇಟ್ಟು ಹೋಗು, ಊಟ ಆದ ಮ್ಯಾಲೆ ನಾನೇ ತಗೋತೇನಿ."

ಆಕಿ ಹಂಡೆ ಬಾಯಿಯ ಅರಿವಿ ಬಿಗಿ ಮಾಡಿದ್ಲು. "ಮರೀಬ್ಯಾಡ್ರಿ" ಅಂದು ಹಂಡೆ ಇಟ್ಟು ಹೋದ್ಲು. ನಾನು ನೀರು ಸೇದಿಕೊಂಡು ಒಳಗ ಬಂದೆ. ಮ್ಯಾಲೆ ಒಂದು ಗೋಣಿ ಚೀಲಾನರೆ ಹಾಕಬೇಕಿತ್ತು. ಗೋಣಿ ಚೀಲ ಮಡಿಗೆ ಬರಂಗಿಲ್ಲಲ್ಲ, ಅದನ್ನೂ ಮುಟ್ಟಲಿಲ್ಲ. ಸುಡ್ಲಿ ನನ್ನ ಮಡಿ!

ಅಕ್ಕನ ಮನಿಯಾಗ ಏನೂ ಸಿಗಲಿಲ್ಲ. ಜಪ್ತಿ ಸಾಹೇಬ, ಇಬ್ಬರು ಸಿಪಾಯಿ, ಯಾದಿ ಬರೀಲಿಕ್ಕೆ ಅವರ ಸಂಗಡ ನಮ್ಮ ಮಾವ. ಬರಿಗೈಲೆ ಹೊರಟವರು ದಾರಿ ಹತ್ರ ಆಗ್ತದಂತ ನಮ್ಮ ಹಿತ್ತಲದಿಂದ ಹಾದ್ರು. ಸಿಪಾಯಿಯ ಕಣ್ಣು ಹಂಡೆಮ್ಯಾಲೆ ಬಿತ್ತು. ಸುತ್ತಲೂ ಬೂದಿ ಚೆಲ್ಲಿತ್ತು.

"ಇದ್ಯಾರ ಹಂಡೆರಿ ಬಾಯಾರ?" ಅಂತ ಅಡಿಗಿ ಮನಿ ಕಿಡಕಿ ಕಡೆ ನೋಡಿ ಕೇಳಿದ.

ನಾನು ಕಿಡಕಿಯಾಗ ನಿಂತಿದ್ದೆ. ಹಿಂದ ಅತ್ತಿ. ನಮ್ಮದು ಅಂದಿದ್ರ ಅವರು ನಡದುಬಿಡ್ತಿದ್ರು, ಇದರಾಗ ಎರಡು ಮಾತಿಲ್ಲ. ಆದ್ರ ನಮ್ಮದು ಅಂದ್ರ ಅತ್ತಿ ಕೇಳ್ತಾರ, ಅವರ ಮನಿ ಹಂಡೆ ನಮ್ಮದು ಯಾವಾಗ ಆತು, ನೀ ಮುಟ್ಟಿಯೇನು, ಮತ್ತ ಸ್ನಾನ ಮಾಡು, ಅಡಿಗಿ ಎಲ್ಲಾ ಚೆಲ್ಲು. ಅದೂ ಅಲ್ಲದ ಮಡಿಯೊಳಗ ಸುಳ್ಳು. ಅಷ್ಟೇ ನೋಡ್ರಿ ನನ್ನ ತಲಿಯೊಳಗ ಇದ್ದದ್ದು. ಒಬ್ಬಾಕಿಯ ಹೊಲಾ, ಆಣಿ, ಜೈಲಿನಾಗಿನ ಗಂಡ, ಇವು ಯಾವೂ ಇರಲಿಲ್ಲ.

"ನಮ್ಮದಲ್ಲ" ಅಂದೆ.

ಮಾವ ತಲಿ ಎತ್ತಿ ನನ್ನ ನೋಡಿದ್ರು. ಅವರಿಗೆ ಆ ಹಂಡೆ ಗುರುತಿತ್ತು. ಅವರಾದ್ರೂ ನಮ್ಮದು ಅನ್ನಬಹುದಿತ್ತು. ಸೊಸಿ ಬಾಯಿಂದ ಮಾತು ಬಿದ್ದು ಹೋಗಿತ್ತು, ಇನ್ನ ಏನಂದಾರು? ಲೆಕ್ಕಣಿಕಿ ಅದ್ದಿ ಬರಕೊಂಡ್ರು. ಸಿಪಾಯಿ ಹಂಡೆ ಹೆಗಲಿಗೆ ಏರಿಸಿದ. ಗ್ವಾಡಿ ಆಚೆ ಅಕ್ಕ ನಿಂತಿದ್ಲು. ನನ್ನ ಮಾತು ಆಕಿಗೆ ನೆಟ್ಟಗ ಕೇಳಿಸಿತ್ತು.

ಚಾವಡಿ ಮುಂದ ಸವಾಲಿಗೆ ಊರವರು ಒಬ್ಬರೂ ಬಾಯಿ ತಗೀಲಿಲ್ಲಂತ. ಎಲ್ಲಿಂದಲೋ ಬಂದಾವ ಒಬ್ಬ ಮೂರು ಕಾಸಿಗೆ ತಗೊಂಡು, ಬೀಜಾ ಚೀಲಕ್ಕ ಸುರುವಿಕೊಂಡು ಗಾಡಿಗೆ ಹಾಕಿದ. ನಮ್ಮ ಮನಿಯಾಗ ಮಾವ ಪಾರಣಿಗೆ ಎಲಿ ಮುಂದ ಕೂತವರು ಹಂಗೇ ಎದ್ದರು. ಅವತ್ತೇ ರಾಜೀನಾಮೆ ಬರದ್ರು. ಅತ್ತಿ ಹಣಿ ಹಣಿ ಬಡಕೊಂಡ್ರು, ಹೊಟ್ಟಿಗೆ ಏನು ತಿನ್ನೋದು ಅಂತ ಕೇಳಿದ್ರು. ಮಾವ ನನಗ ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಮುಂಗಾರಿಗೆ ಊರವರು ಮನಿಮನಿಯಿಂದ ಒಂದೊಂದು ಬೊಗಸಿ ಬೀಜಾ ತಂದು ಅಕ್ಕನ ಉಡಿಯೊಳಗ ಹಾಕಿದ್ರು. ನಾನೂ ಒಂದು ಸೇರು ಜ್ವಾಳ ತಗೊಂಡು ಗ್ವಾಡಿ ತನಕ ಹೋದೆ. ಆಚೆ ಆಕಿ ಯಾರ ಜೋಡಿನೋ ಮಾತಾಡೋ ದನಿ ಕೇಳಿ, ಹಂಗೇ ತಿರುಗಿ ಬಂದು ಜ್ವಾಳ ಹಗೇವಿನಾಗ ಸುರುವಿದೆ. ಆ ವರ್ಷ ಆಕಿ ಹೊಲದಾಗ ಒಂದು ಸಾಲು ಎತ್ತರ, ಒಂದು ಸಾಲು ಗಿಡ್ಡ, ಬಿಳಿ ಜ್ವಾಳದಾಗ ಕೆಂಪು ಜ್ವಾಳ. ಪಟ್ಟಿ ಮಾತ್ರ ಆಕಿ ಕೊಡಲಿಲ್ಲ. ಗಂಡ ಜೈಲಿನಿಂದ ಬಂದ. ನಾವಿಬ್ಬರೂ ಮತ್ತ ಮಾತಾಡಿದ್ವಿ, ಮಜ್ಜಿಗಿ ಕೊಟ್ವಿ, ಪಲ್ಲೆ ಇಸಗೊಂಡ್ವಿ. ಹಂಡೆ ಸುದ್ದಿ ಆಕಿ ಎತ್ತಲಿಲ್ಲ, ನನಗಂತೂ ಎತ್ತಲಿಕ್ಕೆ ಯಾವ ಮಾರಿ ಇತ್ತು?

ನಲವತ್ತೇಳರಾಗ ಸ್ವಾತಂತ್ರ್ಯ ಬಂತು. ಚಾವಡಿ ಮುಂದ ಝೇಂಡಾ. ಮಾವ ತೀರಿಕೊಂಡಿದ್ರು, ಅವರ ಹೆಸರಿನಾಗ ನನ್ನ ಕರದು ಕುರ್ಚಿಮ್ಯಾಲೆ ಕೂಡಿಸಿದ್ರು. ಹತ್ತು ವರ್ಷದ ಮಗಳು ನನ್ನ ಬಾಜೂಕ. ಅಕ್ಕ ಮುಂದಿನ ಜಮಖಾನಿಮ್ಯಾಲೆ ಹೆಂಗಸರ ನಡುವ ಕೂತಿದ್ಲು. ಭಾಷಣ ಮಾಡಿದವರು, ಜಪ್ತಿಯೊಳಗ ಬೀಜಾ ಕಳಕೊಂಡ ತಾಯಿ ಎರಡು ಮಾತು ಹೇಳಲಿ, ಹುಡುಗರು ಕೇಳಲಿ, ಅಂದ್ರು. ಆಕಿ ಎದ್ದು ನಿಂತಳು. ಹಂಡೆ ಸುದ್ದಿ ಈಗ ಹೊರಗ ಬೀಳ್ತದ ಅಂದುಕೊಂಡೆ.

"ನಂದೇ ತಪ್ಪರಿ. ಹಂಡೆ ತಂದು ಬಯಲಾಗ ಇಟ್ಟು ಮರತೆ. ಅವರು ಕಂಡ್ರು, ಒಯ್ದರು. ನನಗರೆ ಏನು ಬುದ್ಧಿ ಇತ್ತು ಹೇಳ್ರಿ" ಅಂದ್ಲು. ಮಂದಿ ನಕ್ಕರು, ಚಪ್ಪಾಳಿ ತಟ್ಟಿದ್ರು. ನನ್ನ ಮಗಳೂ ತಟ್ಟಿದಳು. ನಾನೊಂದು ಮಾತು ಎದ್ದು ಹೇಳಬೇಕಿತ್ತು. ಕುರ್ಚಿ ಬಿಟ್ಟು ಏಳಲಿಲ್ಲ.

ಸಂಜಿಮುಂದ ಗ್ವಾಡಿ ಹತ್ರ ಹೋದೆ. "ಅಕ್ಕ, ಅಷ್ಟು ಮಂದಿ ಮುಂದ ಸುಳ್ಳು ಯಾಕ ಹೇಳಿದಿ?" ಅಂದೆ. ಹದಿನೈದು ವರ್ಷದಾಗ ನನ್ನ ಬಾಯಿಂದ ಆ ಸುದ್ದಿ ಬಂದದ್ದು ಅದೇ ಮೊದಲು.

ಆಕಿ ಎಮ್ಮಿಗೆ ಮೇವು ಹಾಕಾಕತ್ತಿದ್ಲು. ತಿರುಗಿ ನೋಡಲಿಲ್ಲ.

"ನಿಮ್ಮ ಮಗಳು ಬಾಜೂಕ ಕುಂತಿತ್ತಲ್ರಿ ಬಾಯಾರ. ನನ್ನ ಮಾರಿನೇ ನೋಡಾಕತ್ತಿತ್ತು. ಆ ಕೂಸಿನ ಮುಂದ ಹೆಂಗ ಹೇಳ್ಲಿ?"

ಆ ಕೂಸಿಗೆ ಈಗ ಮೊಮ್ಮಕ್ಕಳು. ನನ್ನ ಮಗಳಿಗೂ ನಾನು ಇವತ್ತಿನ ತನಕ ಹೇಳಿಲ್ಲ.