ಕೊಂಡಿ ಕತ್ತರಿಸಿದ ಪುಸ್ತಕ

ನನ್ನ ಮೊಮ್ಮಗಳು ನನ್ನ ಪುಸ್ತಕವನ್ನು ಕೇಳದೆ ಒಯ್ದಳು, ಕತ್ತರಿ ಹಾಕಿ ಬಿಡಿಬಿಡಿ ಮಾಡಿದಳು, ತನ್ನದೆಂದು ಹೇಳಿ ಬಾಗಲಕೋಟೆಯ ಕಾಲೇಜಿನ ಗೋಡೆಗೆ ಹಚ್ಚಿದಳು. ನಡೆದದ್ದು ಇಷ್ಟು. ಮನೆಯಲ್ಲಿ ಇದಕ್ಕೆ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ಮಗ ಹುಡುಗಾಟ ಎನ್ನುತ್ತಾನೆ. ಸೊಸೆ ಗಡಿಬಿಡಿಯಲ್ಲಿ ಆದದ್ದು ಎನ್ನುತ್ತಾಳೆ. ಅವರ ಪುಸ್ತಕವಾಗಿದ್ದರೆ ಏನೆನ್ನುತ್ತಿದ್ದರೋ ನೋಡಬೇಕಿತ್ತು.

ನಾನು ಮೂರನೆಯ ಇಯತ್ತೆಯವರೆಗೆ ಶಾಲೆ ಕಂಡವಳು. ಓದಲು ಬರುತ್ತದೆ, ಬರೆಯುವುದು ನಿಧಾನ. ಇದನ್ನೂ ಹೊಡೆದು ಹಾಕಿ, ಮತ್ತೆ ಬರೆದು, ಹೀಗೇ ಎಷ್ಟೋ ದಿನದಿಂದ ಬರೆಯುತ್ತಿದ್ದೇನೆ. ಆದರೆ ಪುಸ್ತಕ ಮಾಡಲು ಅಕ್ಷರವೇ ಬೇಕು ಎಂದು ಯಾರು ಹೇಳಿದರು?

ಇಳಕಲ್ಲಿನಲ್ಲಿ ನಮ್ಮದು ಮಗ್ಗದ ಮನೆ. ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ ಎರಡು, ಅಡಿಗೆ ಮತ್ತು ಕೊಂಡಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಡಲಿನ ಎಳೆಯ ತುದಿಯನ್ನು ಕುಣಿಕೆ ಮಾಡಿ, ಸೆರಗಿನ ಎಳೆಯ ಕುಣಿಕೆಯನ್ನು ಅದರೊಳಗೆ ತೂರಿಸಿ ಎರಡನ್ನೂ ಕೂಡಿಸಬೇಕು. ಅದೇ ಕೊಂಡಿ. ಒಂದೊಂದು ಎಳೆಗೂ ಒಂದೊಂದು. ಅಂಗಡಿಯಲ್ಲಿ ಸೀರೆ ಬಿಚ್ಚಿ ನೋಡುವವರು ಬಣ್ಣ ನೋಡುತ್ತಾರೆ, ದಡಿ ನೋಡುತ್ತಾರೆ. ಕೊಂಡಿ ಎಲ್ಲಿದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಮಗ ಕೊಂಡಿ ಹಾಕುವುದನ್ನು ಬಿಡಿಸಿದ. ಸಾಕು ಎಂದು ಹೇಳುವುದು ಸುಲಭ, ಕೈ ಕೇಳಬೇಕಲ್ಲ. ಊಟಕ್ಕೆ ಕೂತರೂ ಬೆರಳು ಸೆರಗಿನ ದಾರ ಹೊಸೆಯುತ್ತಿದ್ದವು. ಬಿ.ಪಿ. ಏರಿತು. ದವಾಖಾನೆಯ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, "ಅಮ್ಮಾರ, ಮನಸ್ಸಿಗಿ ಆರಾಮ್ ಅನ್ನಿಸೋ ಅಂಥಾದ್ದು ಏನರ ಹಚ್ಚಿಕೊಳ್ರಿ" ಎಂದರು.

ಆಗ ಈ ಮೊಮ್ಮಗಳೇ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಒಬ್ಬ ಹುಡುಗಿ ಮೇಜಿನ ತುಂಬ ಸಾಮಾನು ಹರವಿಕೊಂಡು ಪುಸ್ತಕದ ಹಾಳೆಗೆ ಬಣ್ಣ ಬಳಿಯುತ್ತಿದ್ದಳು, ಅದರ ಮೇಲೆ ಬಟ್ಟೆಯ ತುಂಡು, ಹಳೆಯ ಕಾಗದ, ಒಣಗಿದ ಹೂವು ಅಂಟಿಸುತ್ತಿದ್ದಳು.

"ದಿನಾ ಒಂದ್ ಹಾಳಿ ಮಾಡ್ತಾರ ಆಯಿ. ಮನಸ್ಸು ಹಗುರಾಗತೈತಿ."

"ಟೇಬಲ್ ಮ್ಯಾಲ ಅಷ್ಟ್ ಭಾರಾ ಹೇರಿ ಮನಸ್ಸು ಹಗುರಾ ಮಾಡ್ಕೊಂತಾಳನು" ಎಂದೆ.

ನಕ್ಕಳು. ನಾನು ಮಾತ್ರ ಮರುವಾರವೇ ಶುರು ಮಾಡಿದೆ. ಅವಳ ಋಣ ಅಷ್ಟು ಇದೆ, ಇಲ್ಲ ಎನ್ನುವುದಿಲ್ಲ.

ಸೀರೆ ಡಬ್ಬಿಯ ರಟ್ಟನ್ನು ಕೊಯ್ದು ಹಾಳೆ ಮಾಡಿದೆ. ಜೋಳದ ಹಿಟ್ಟಿನ ಅಂಬಲಿ ಕಾಸಿ, ಹುಳ ಹತ್ತಬಾರದೆಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡಿದೆ. ಮೊದಲ ಹಾಳೆಗೆ ಕೆಂಪು ರೇಷ್ಮೆಯ ತುಂಡು. ಎರಡನೆಯದಕ್ಕೆ ಆಪರೇಶನ್ ಆದಾಗ ಕೊಟ್ಟಿದ್ದ ಪ್ಲಾಸ್ಟಿಕ್ ಕನ್ನಡಕದ ಒಂದು ಕಪ್ಪು ಕಣ್ಣು. ಆಮೇಲೆ ಕೈಗೆ ಸಿಕ್ಕದ್ದೆಲ್ಲ. ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟು. ಅದರ ಅಕ್ಷರ ಮೂರು ತಿಂಗಳಿಗೆ ಅಳಿಸಿ ಹೋಗುತ್ತದೆ, ಹೋಗುವ ಮೊದಲೇ ಪೆನ್ಸಿಲಿನಿಂದ ತಿದ್ದಿದೆ. ಬಾದಾಮಿಯಲ್ಲಿ ಮಂಗ ಕಸಿದುಕೊಂಡ ಬಾಳೆಹಣ್ಣಿನ ಚೀಲದಲ್ಲಿ ನನ್ನ ಕೈಯಲ್ಲಿ ಉಳಿದ ತುಂಡು, ಅದರ ಸುತ್ತ ಅಲ್ಲಿಯದೇ ಕೆಂಪು ಮಣ್ಣನ್ನು ಅಂಟಿನಲ್ಲಿ ಕಲಸಿ ಬಳಿದದ್ದು. ಕುಳಗೇರಿ ಕ್ರಾಸಿನಲ್ಲಿ ತಂಗಿಯ ಜೊತೆ ಜಗಳವಾಡಿ ಚಹಾ ಕುಡಿಯದೆ ಎದ್ದು ಬಂದ ದಿನಕ್ಕೆ ಚಹಾ ಗ್ಲಾಸಿನ ಉಂಗುರ. ಬಟ್ಟೆ ಸೋಪು ಮಾರಲು ಬಂದವನು ಮೋಸ ಮಾಡಿದ ದಿನಕ್ಕೆ ಆ ಸೋಪಿನ ನೀಲಿ ಕಾಗದ. ಗಂಡ ಸತ್ತ ದಿನಕ್ಕೆ ಏನೂ ಅಂಟಿಸಲಿಲ್ಲ. ಅವನು ಮಗ್ಗದ ಮೇಲೆ ಬಿಟ್ಟುಹೋದ ನೀಲಿ ಎಳೆಗಳನ್ನು ಉದ್ದಕ್ಕೆ ಹಚ್ಚಿದೆ. ಹಾಸು ಮಾತ್ರ, ಹೊಕ್ಕು ಇಲ್ಲ.

ಆ ಹಾಳೆಗಳನ್ನು ನಾನು ಹೊಲಿಯಲಿಲ್ಲ. ಅಂಚಿಗೆ ದಬ್ಬಣದಿಂದ ತೂತು ಹಾಕಿ, ದಾರದ ಕುಣಿಕೆ ಬಿಟ್ಟು, ಒಂದು ಹಾಳೆಯ ಕುಣಿಕೆಯನ್ನು ಮುಂದಿನ ಹಾಳೆಯ ಕುಣಿಕೆಯಲ್ಲಿ ತೂರಿಸಿ ಕೊಂಡಿ ಹಾಕಿ, ದಾರದ ತುದಿಯನ್ನು ಕೆಳಗೆ ಇಳಿಬಿಟ್ಟೆ. ಮಡಚಿದರೆ ಪುಸ್ತಕ, ಹರವಿದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಸೀರೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ತಾರೀಖು ಎಲ್ಲಿಯೂ ಬರೆದಿರಲಿಲ್ಲ. ಯಾವ ದಿನದ ಹಿಂದೆ ಯಾವ ದಿನ ಎನ್ನುವುದನ್ನು ಕೊಂಡಿಯೇ ಹೇಳುತ್ತಿತ್ತು. ಎರಡು ವರ್ಷದ ಕೆಲಸ. ಬಿ.ಪಿ. ಇಳಿದಿದೆ ಎಂದು ಡಾಕ್ಟರಮ್ಮ ಹೇಳಿದರು. ಇಳಿದಿರಬಹುದು. ಅದನ್ನು ಇಳಿಸಲು ನಾನು ಮಾಡಿದ್ದಲ್ಲ. ಆ ಅಂಟು ಕಾಯುವ ಹೊತ್ತು, ದಾರ ಬೆರಳಿಗೆ ಬರುವ ಹೊತ್ತು ನನ್ನದಾಗಿತ್ತು, ಬೇರೆ ಯಾರದೂ ಅಲ್ಲ. ಅದಕ್ಕೆ ಮಾಡಿದೆ.

ಮೊನ್ನೆ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಟ್ರಂಕು ತೆಗೆದರೆ ಪುಸ್ತಕ ಇಲ್ಲ. ಸೊಸೆ ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಹೇಳಿದಳು.

"ಅದನ್ನ ಕಾಲೇಜಿಗಿ ಒಯ್ದಾಳ್ರಿ ಅತ್ತಿ. ಏನೋ ಪ್ರದರ್ಶನ ಐತಂತ."

"ಯಾರನ್ನ ಕೇಳಿ ಒಯ್ದಳು?"

"ನೀವು ಇದ್ದಿದ್ದಿಲ್ಲಲ್ರಿ."

ಮೊಮ್ಮಗಳು ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಮಾಸ್ತರಿಕೆ ಓದುತ್ತಾಳೆ. ಮರುದಿನ ನಾನು ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿದೆ. ಹೋಗುವಾಗ ಸಿಟ್ಟು ಇರಲಿಲ್ಲ, ಅದನ್ನೂ ಹೇಳಬೇಕು. ನಾಲ್ಕು ಮಂದಿ ನೋಡಲಿ, ನಮ್ಮ ಆಯಿ ಮಾಡಿದ್ದು ಎಂದು ಹುಡುಗಿ ಹೇಳಲಿ, ನಾನೂ ಒಮ್ಮೆ ನೋಡಿ ಬರುತ್ತೇನೆ ಎಂದುಕೊಂಡು ಒಗೆದ ಸೀರೆ ಉಟ್ಟು ಹೋಗಿದ್ದೆ.

ಕಾಲೇಜಿನ ಪಡಸಾಲೆಯ ಗೋಡೆಯ ಮೇಲೆ ನನ್ನ ಹಾಳೆಗಳು ಒಂದೊಂದಾಗಿ ಅಂಟಿಕೊಂಡಿದ್ದವು. ಅಂಚಿನ ಕುಣಿಕೆಗಳನ್ನೆಲ್ಲ ಒತ್ತಿ ಕತ್ತರಿಸಿದ್ದರು, ಬೋಳು ಅಂಚು. ಬಣ್ಣ ನೋಡಿ ಹೊಂದಿಸಿದ್ದರು. ಕೆಂಪೆಲ್ಲ ಒಂದು ಕಡೆ, ಹಳದಿಯೆಲ್ಲ ಒಂದು ಕಡೆ. ಮಂಗನ ಚೀಲ ಮೊದಲ ಹಾಳೆಯ ಕೆಂಪು ರೇಷ್ಮೆಯ ಪಕ್ಕ. ಗಂಡ ಸತ್ತ ದಿನ ಸೋಪಿನ ಕಾಗದದ ಪಕ್ಕ, ಎರಡೂ ನೀಲಿ ಎಂದು. ಮೇಲೆ ಒಂದು ಚೀಟಿ, ಅದನ್ನು ಬೆರಳಿಟ್ಟು ಓದಿದೆ. ಮೊದಲು ಮೊಮ್ಮಗಳ ಹೆಸರು. ಅದರ ಕೆಳಗೆ, "ಮನಸ್ಸಿಗೆ ವಿಶ್ರಾಂತಿ ನೀಡುವ ಸೃಜನಶೀಲ ದಿನಚರಿ".

ಹುಡುಗಿ ನನ್ನನ್ನು ಕಂಡವಳೇ ಬಿಳಿಚಿಕೊಂಡಳು. ಅವಳ ಜೊತೆ ಮೇಡಂ ಇದ್ದರು, ಅವಳಿಗೆ ಪಾಠ ಹೇಳುವವರು. ಒಳ್ಳೆಯ ಹೆಂಗಸು, ಕೈ ಮುಗಿದರು.

"ನಿಮ್ಮ ಮೊಮ್ಮಗಳು ಭಾಳ ಚಲೋ ಮಾಡ್ಯಾಳ್ರಿ ಅಮ್ಮಾ. ನಿಮ್ಮದು ನೇಕಾರರ ಮನಿತನಾ ಅಂತಲ್ಲ, ಆಕಿ ಕೈಯಾಗ ಬಂದೈತಿ."

ಚೀಲದಲ್ಲಿ ದಾರದ ಉಂಡೆ ಇತ್ತು, ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಎರಡು ತುಂಡು ಹರಿದು ಮೊಮ್ಮಗಳ ಕೈಗೆ ಕೊಟ್ಟೆ.

"ಒಂದ ಕೊಂಡಿ ಹಾಕಿ ತೋರ್ಸು."

"ಆಯಿ, ಇಲ್ಲಿ ಬ್ಯಾಡ."

"ಇಲ್ಲೇ ಬೇಕು. ಎಲ್ಲಾರೂ ನೋಡಾಕ ಬಂದಾರಲ್ಲ."

ದಾರ ಹಿಡಿದು ನಿಂತಳು. ಒಂದು ಗಂಟು ಕಟ್ಟಿದಳು. ಗಂಟು ಬೇರೆ, ಕೊಂಡಿ ಬೇರೆ. ಅವಳಿಗೆ ಅದು ಬರುವುದಿಲ್ಲ, ಬರಬೇಕು ಎಂದು ನಾವು ಕಲಿಸಿದ್ದೂ ಇಲ್ಲ, ಓದಲಿ ಎಂದು ಮಗ್ಗದ ಕಡೆ ಬಿಟ್ಟವರಲ್ಲ. ಬರದಿದ್ದರೆ ತಪ್ಪಿಲ್ಲ. ಬರದದ್ದನ್ನು ಬರುತ್ತದೆ ಎಂದದ್ದು ತಪ್ಪು. ಮೇಡಂ ಅವಳ ಮುಖ ನೋಡಿದರು, ನನ್ನ ಕೈ ನೋಡಿದರು, ತಿಳಿಯಿತು. ಆಯಿಗೆ ವಿಡಿಯೋ ತೋರಿಸಿದ್ದು ತಾನೇ ಎಂದು ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ತಿಳಿದ ಮೇಲೆ ಮೇಡಂ ಆಡಿದ ಮಾತೇ ನನಗೆ ಮೊಮ್ಮಗಳ ಸುಳ್ಳಿಗಿಂತ ಹೆಚ್ಚು ಚುಚ್ಚಿತು.

"ಇರ್ಲಿ ಬಿಡ್ರಿ ಅಮ್ಮಾ. ಐಡಿಯಾ ಆಕಿದು, ವಿಡಿಯೋ ತೋರ್ಸಿದಾಕಿ ಆಕಿನ ಅಲ್ಲೇನ್ರಿ? ಕೈಕೆಲಸ ನಿಮ್ದು. ಚೀಟ್ಯಾಗ ಕೆಳಗ ನಿಮ್ಮ ಹೆಸರೂ ಸೇರ್ಸೋಣ, ಸಹಾಯ ಅಂತ."

ಸಹಾಯ. ಗಂಡನ ಎಳೆಗಳನ್ನು ನಾನು ಮೊಮ್ಮಗಳಿಗೆ ಸಹಾಯ ಮಾಡಲು ಹಚ್ಚಿದೆನೇ? ಮಂಗ ನನಗೆ ಸಹಾಯ ಮಾಡಲು ಚೀಲ ಹರಿಯಿತೇ? ಇಳಕಲ್ಲಿನ ಹೆಂಗಸರು ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇವೆ. ಸೀರೆ ನೇಯುವವನು ಗಂಡಸು, ಹೆಂಗಸು ಸಹಾಯ ಮಾಡುತ್ತಾಳೆ. ನೂಲು ಸುತ್ತುವುದು ಸಹಾಯ, ಗಂಜಿ ಹಾಕುವುದು ಸಹಾಯ, ಕೊಂಡಿ ಸಹಾಯ. ಆ ಸಹಾಯವಿಲ್ಲದಿದ್ದರೆ ಸೆರಗು ಒಂದು ಕಡೆ, ಒಡಲು ಒಂದು ಕಡೆ ಬೀಳುತ್ತದೆ. ಮುದುಕಿಯಾದ ಮೇಲೆ ಒಂದೇ ಒಂದು ಕೆಲಸವನ್ನು ಯಾರಿಗೂ ಸಹಾಯವಲ್ಲದ ಹಾಗೆ ಮಾಡಿದ್ದೆ. ಅದಕ್ಕೂ ಅದೇ ಹೆಸರು.

"ನನ್ನ ಪುಸ್ತಕ ನನಗ ಕೊಡ್ರಿ" ಎಂದೆ.

"ಪ್ರದರ್ಶನ ಶನಿವಾರದ ತನಕಾ ಐತ್ರಿ. ಆಮ್ಯಾಲ ನಾವ ಮನಿಗಿ ಕಳಸ್ತೇವಿ. ಎಲ್ಲೀಗೂ ಹೋಗೂದಿಲ್ಲ."

ಮೊಮ್ಮಗಳು ನನ್ನ ಜೊತೆಯೇ ಊರಿಗೆ ಬಂದಳು. ನಾನು ಮನೆಯಲ್ಲಿ ಏನು ಹೇಳುತ್ತೇನೋ ಎಂಬ ಭಯಕ್ಕೆ ಬಂದಳು, ಪ್ರೀತಿಗಲ್ಲ. ಬಸ್ಸು ಶಿರೂರು ದಾಟಿದ ಮೇಲೆ ಅವಳೇ ಶುರು ಮಾಡಿದಳು.

"ನನ್ನ ಮಾನಾ ತಗದಿ ಆಯಿ."

"ನೀ ತಗದಿದ್ದು ಏನು?"

"ಮಾರ್ಕ್ಸ್ ಅದಾವ ಇದಕ್ಕ. ನನಗ ಚಿತ್ರಾ ಬರೂದಿಲ್ಲ ಅಂತ ನಿನಗ ಗೊತ್ತೈತಿ. ನೀ ಟ್ರಂಕಿನ್ಯಾಗ ಇಟ್ಟು ಏನ್ ಮಾಡಾಕಿ ಇದ್ದಿ ಅದನ್ನ?"

"ಟ್ರಂಕಿನ್ಯಾಗ ಇಡಾಕಿ ಇದ್ದೆ."

ಮುಂದಿನ ಸೀಟಿನವಳು ತಿರುಗಿ ನೋಡಿದಳು. ಮೊಮ್ಮಗಳು ದನಿ ಇಳಿಸಿದಳು.

"ಕೇಳಿದ್ರ ಕೊಡ್ತಿದ್ದಿಯೇನು?"

"ತೋರ್ಸಾಕ ಕೊಡ್ತಿದ್ದೆ. ನಿಂದು ಅನ್ನಾಕ ಕೊಡ್ತಿದ್ದಿಲ್ಲ. ಕತ್ತರಿ ಯಾಕ ಹಾಕಿದಿ?"

"ಒಂದಕ್ಕೊಂದು ಹಿಡಕೊಂಡಿದ್ವು. ಬಿಚ್ಚಾಕ ನೋಡಿದೆ, ಬಿಚ್ಚಲಿಲ್ಲ."

ಬಿಚ್ಚಲಿಲ್ಲವಂತೆ. ಕೆಳಗಿನ ಒಂದು ದಾರದ ತುದಿ ಜಗ್ಗಿದರೆ ಅಷ್ಟೂ ಕೊಂಡಿ ತಾನೇ ಸರಸರ ಬಿಡುತ್ತದೆ. ಮಗ್ಗದ ಮೇಲಿರುವ ಎಳೆಗೆ ಕತ್ತರಿ ತೋರಿಸಲೂ ಬಾರದು ಎಂದು ನಮ್ಮ ಅತ್ತೆ ಬೈಯುತ್ತಿದ್ದಳು. ಆ ಮನೆಯಲ್ಲೇ ಹುಟ್ಟಿದವಳು ಹಾಸ್ಟೆಲಿನ ಕೋಣೆಯಲ್ಲಿ ಕೂತು ಒಂದೊಂದನ್ನೇ ಕತ್ತರಿಸಿದಳು. ಕತ್ತರಿಸುವಾಗ ಒಮ್ಮೆ ನನಗೆ ಫೋನು ಮಾಡಿ ಕೇಳಿದ್ದರೆ ಹೇಳುತ್ತಿದ್ದೆ. ಕೇಳಿದರೆ ಯಾರದು ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮನೆಯಲ್ಲಿ ಮಗ ಚಹಾ ಕುಡಿಯುತ್ತ ಎಲ್ಲ ಕೇಳಿದ. ಕೇಳಿ, ನನ್ನ ಕಡೆ ತಿರುಗಿ ಬುದ್ಧಿ ಹೇಳಿದ.

"ಶನಿವಾರ ಎಷ್ಟ್ ದೂರ ಐತಿ ಬೇ? ತಾವ ಕಳಸ್ತಾರ. ಹುಡುಗಿ ವರ್ಷ ಹಾಳ ಮಾಡಬ್ಯಾಡ. ಹೊತ್ತ ಹೋಗಲಿ ಅಂತ ಮಾಡಿದ್ದು, ಮತ್ತೊಂದ ಮಾಡ್ಕೊಂಡ್ರ ಆತು."

"ನಿಂದೊಂದು ಸೀರಿ ಯಾರರ ಒಯ್ದು ತಾವ ನೇದದ್ದು ಅಂದ್ರ, ಮತ್ತೊಂದ ನೇಯ್ತಿಯೇನು?"

"ಸೀರಿ ಬ್ಯಾರೆ, ಇದು ಬ್ಯಾರೆ."

"ಹೆಂಗ ಬ್ಯಾರೆ?"

ಅವನು ಚಹಾದ ಕಪ್ಪು ಒಳಗಿಟ್ಟು ಬರುತ್ತೇನೆಂದು ಎದ್ದು ಹೋದ. ಸೊಸೆ ಮಗಳಿಗೆ ಬಿಸಿ ರೊಟ್ಟಿ ಬಡಿಸಿದಳು, ತಟ್ಟೆಯ ಅಂಚಿಗೆ ಬೆಣ್ಣೆ ಇಟ್ಟಳು. ಅಳುತ್ತ ತಿಂದಳು ಹುಡುಗಿ. ನನಗೂ ಕರುಳಿಲ್ಲದಿಲ್ಲ. ಆದರೆ ಅತ್ತವರ ಕಡೆಗೇ ನ್ಯಾಯ ಹೋಗುವುದಾದರೆ ನಾನೂ ಅಳಲು ಕಲಿಯಬೇಕಾಗಿತ್ತು, ಈ ವಯಸ್ಸಿನಲ್ಲಿ ಯಾರು ಕಲಿಸುತ್ತಾರೆ?

ಅವಳ ಮಾರ್ಕ್ಸ್ ವಿಚಾರ ಮೇಡಂ ನೋಡಿಕೊಳ್ಳಲಿ, ನಾನು ಯಾರಿಗೂ ದೂರು ಕೊಡಲಿಲ್ಲ, ಕೊಡುವುದೂ ಇಲ್ಲ. ಆದರೆ ಶನಿವಾರದ ತನಕ ಇನ್ನೊಬ್ಬರ ಹೆಸರಿನ ಕೆಳಗೆ, ಸಹಾಯ ಎಂದು ಬರೆಸಿಕೊಂಡು, ಗಂಡ ಸತ್ತ ದಿನವನ್ನು ಸೋಪಿನ ಕಾಗದದ ಪಕ್ಕ ನಿಲ್ಲಿಸಿ ನಾನು ರೊಟ್ಟಿ ತಿನ್ನಲಾರದಾದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಒಂದು ವಹಿ ಮುಂದೆ ಹಿಡಿದು, "ಸಹಿ ಮಾಡಿ ಒಳಗ ಹೋಗ್ರಿ ಅಮ್ಮಾ" ಎಂದ. ಹೆಸರು ಬರೆದೆ. ಯಾರನ್ನು ಕಾಣಬೇಕು ಎನ್ನುವಲ್ಲಿ ಯಾರನ್ನೂ ಇಲ್ಲ ಎಂದು ಬರೆದೆ. ಬಂದ ಕಾರಣ ಎನ್ನುವಲ್ಲಿ ಸ್ವಲ್ಪ ಹೊತ್ತು ಹಿಡಿಯಿತು. "ನನ್ನ ಪುಸ್ತಕ ಒಯ್ಯಲಿಕ್ಕೆ" ಎಂದು ಬರೆದು, ಒಳಗೆ ಹೋಗಿ ಒಂದೊಂದೇ ಹಾಳೆಯನ್ನು ಗೋಡೆಯಿಂದ ಬಿಡಿಸತೊಡಗಿದೆ.