ಸರಿಯಾಗಿ ತಪ್ಪು ಮಾಡುವ ದಡ್ಡಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಹುಲ್ಲಿನ ಮೈದಾನದ ಅಂಚಿನಲ್ಲಿ ನಿಂತ ಎರಡು ಸೀಟಿನ ಪುಟ್ಟ ವಿಮಾನದ ರೆಕ್ಕೆಯ ಇಬ್ಬನಿಯನ್ನು ದಡ್ಡಕ್ಕ ಹಳೇ ಟವಲಿನಿಂದ ಒರೆಸುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಇದೇ ವಿಮಾನವನ್ನು ಬೇಕೆಂದೇ ಕೆಟ್ಟದಾಗಿ ಇಳಿಸಲು ಹೊರಡುತ್ತಾರೆ. ಅವರ ಕೆಲಸವೇ ಅದು!

ಹವ್ಯಾಸಕ್ಕೆ ಹಾರುವವರಿಗೆ ಕಲಿಸುವ ಶಿಕ್ಷಕರನ್ನು ಪರೀಕ್ಷಿಸುವವರು ಇವರು. ಕಲಿಯಲು ಬಂದವರಂತೆ ಕೂತು ಹೊಸಬರ ತಪ್ಪುಗಳನ್ನೆಲ್ಲ ಮಾಡುತ್ತಾರೆ; ಅದಕ್ಕೇ ಶಿಕ್ಷಕರು ಇಟ್ಟ ಹೆಸರು ದಡ್ಡಕ್ಕ. ಶಿಕ್ಷಕರು ಅವಸರಪಟ್ಟು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರೆ ಪಕ್ಕದವರು ಎಂದೂ ಕಲಿಯುವುದಿಲ್ಲ. ತಡಮಾಡಿದರೆ ಕಲಿಯಲು ಉಳಿಯುವುದೇ ಇಲ್ಲ. ನೆಲ ಹತ್ತಿರ ಬರುತ್ತಿರುವಾಗ ಗೊತ್ತಿದ್ದೂ ತಪ್ಪು ಮಾಡಿ, ಇನ್ನೊಬ್ಬರು ಕಾಪಾಡುತ್ತಾರೋ ಎಂದು ಕಾಯಲು ಎಂಥ ಗುಂಡಿಗೆ ಬೇಕು ಹೇಳಿ!

“ಮೇಲೆ ಹೋಗಿ ಅಷ್ಟೊಂದು ತಪ್ಪು ಮಾಡ್ತಾಳೆ, ಮನೇಲಿ ಮಾತ್ರ ಒಂದನ್ನೂ ಒಪ್ಕೊಳ್ಳಲ್ಲ,” ಎಂದು ಗಂಡ ನಗುತ್ತಾರೆ.

ಒಂದು ಕಾಲಕ್ಕೆ ಹಾರಲು ಬಂದವರಿಗೆಲ್ಲ ಕಲಿಸಲೂ ಬರುತ್ತದೆಂದೇ ಎಲ್ಲರೂ ನಂಬಿದ್ದರು. ಅಂಥ ಒಬ್ಬ ಶಿಕ್ಷಕನ ಪಕ್ಕ ಕೂತಿದ್ದ ದಡ್ಡಕ್ಕನ ಗೆಳತಿ, ವಿಮಾನ ಬಿದ್ದ ಮೇಲೆ ಮತ್ತೆ ಎದ್ದು ನಡೆಯಲಿಲ್ಲ. ಅಂದಿನಿಂದ ಇವರು ಕ್ಲಬ್ಬು, ಕಚೇರಿ ಎಂದು ಅಲೆದು ಚಪ್ಪಲಿ ಸವೆಸಿದರು. ಶಿಕ್ಷಕರಿಗೂ ಆಗಾಗ ಪರೀಕ್ಷೆ ಕಡ್ಡಾಯವೆಂಬ ನಿಯಮ ಕೊನೆಗೂ ಬಂತು. ಬೈದವರು ಕಡಿಮೆಯೇನಲ್ಲ.

ಆ ನಿಯಮ ಹೋದ ತಿಂಗಳು ಇವರ ಎದೆಗೇ ಬಂದು ನಿಂತಿತು. ಪರೀಕ್ಷೆಗೆ ಬಂದವರು ಇವರಿಗೇ ಹಾರಲು ಕಲಿಸಿದ ಮೇಷ್ಟ್ರು, ಕಲಿಸುವುದನ್ನೇ ಉಸಿರಾಡುವ ಮನುಷ್ಯ. ಇಳಿಯುವಾಗ ದಡ್ಡಕ್ಕ ವಿಮಾನದ ಮೂತಿಯನ್ನು ಅತಿಯಾಗಿ ಎತ್ತಿ, ಇನ್ನೇನು ಬೀಳಬೇಕು ಎನ್ನುವಷ್ಟು ವೇಗ ಕಳೆದರು. ಮೇಷ್ಟ್ರು ಕೈಕಟ್ಟಿಕೊಂಡು ನಗುತ್ತಾ ಕೂತೇ ಇದ್ದರು. ಕೊನೆಗೆ ದಡ್ಡಕ್ಕನೇ ಸರಿಪಡಿಸಿಕೊಳ್ಳಬೇಕಾಯಿತು.

“ನೀನು ಬೀಳಿಸಲ್ಲ ಅಂತ ಗೊತ್ತಿತ್ತಮ್ಮ. ನಾನೇ ಕಲಿಸಿದ್ದಲ್ವಾ?” ಎಂದರು ಮೇಷ್ಟ್ರು.

“ನಾಳೆ ನಿಮ್ಮ ಪಕ್ಕ ಕೂರೋದು ನಾನಲ್ಲ ಮೇಷ್ಟ್ರೇ.”

ದಡ್ಡಕ್ಕ ಮೇಷ್ಟ್ರನ್ನು ಫೇಲು ಮಾಡಿದರು. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತರು. ಮೇಷ್ಟ್ರು ಮಾತು ಬಿಟ್ಟರು.

ಇವತ್ತು ಅವರಿಗೆ ಮರುಪರೀಕ್ಷೆ. ಇದೂ ಹೋದರೆ ಅವರು ಇನ್ನು ಕಲಿಸುವಂತಿಲ್ಲ. ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಬಂದು ಕೂರುತ್ತಾರೆ. ಮೈದಾನವನ್ನು ಸುತ್ತಿ ಇಳಿಯುವಾಗ ದಡ್ಡಕ್ಕ ಅದೇ ತಪ್ಪು ಮಾಡುತ್ತಾರೆ. ಮೂತಿ ಏಳುತ್ತದೆ, ವೇಗ ಸಾಯುತ್ತದೆ. ತಗ್ಗಿಸು ಎಂದು ಮೇಷ್ಟ್ರು ಒಮ್ಮೆ ಮೆಲ್ಲಗೆ ಹೇಳುತ್ತಾರೆ. ಇವರು ಕೇಳದವರಂತೆ ಇನ್ನೂ ಎತ್ತುತ್ತಾರೆ.

“ಕೈ ಬಿಡೇ, ಕತ್ತೆ!”

ದಡ್ಡಕ್ಕ ಬಿಟ್ಟುಬಿಡುತ್ತಾರೆ. ಮೇಷ್ಟ್ರ ಕೈಯಲ್ಲಿ ಮೂತಿ ತಗ್ಗುತ್ತದೆ, ಎಂಜಿನ್ ಮೊರೆಯುತ್ತದೆ, ಹುಲ್ಲು ಮುಟ್ಟುವಷ್ಟರಲ್ಲಿ ವಿಮಾನ ಮತ್ತೆ ಮೇಲೇರುತ್ತದೆ. ಇಳಿದು ಎಂಜಿನ್ ಆರಿಸಿದ ಮೇಲೂ ಮೇಷ್ಟ್ರ ಬೈಗುಳ ನಿಲ್ಲುವುದಿಲ್ಲ. ಕಣ್ಣೆಲ್ಲಿಟ್ಟಿದ್ದೆ, ಬುದ್ಧಿ ಎಲ್ಲಿಟ್ಟಿದ್ದೆ ಎಂದು ಒಂದೇ ಸಮ ಕೇಳುತ್ತಲೇ ಇದ್ದಾರೆ.

ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಾ ದಡ್ಡಕ್ಕ ನಗುತ್ತಾರೆ. “ಕಲಿಯೋಕೆ ಬಂದ ಮೊದಲನೇ ದಿನಾನೂ ಹೀಗೇ ಬೈದಿದ್ರು. ಇವತ್ತು ನನ್ನನ್ನ ನಂಬಲಿಲ್ಲ ನೋಡಿ. ಪಾಸು ಮಾಡೋಕೆ ನಂಗೆ ಅಷ್ಟೇ ಬೇಕಾಗಿತ್ತು.”