ಹಳೆಯ ನಂಬರಿಗೆ ಹೋದ ಹಾಳೆಗಳು

ಕಂಪನಿಯ ಎರಡನೆಯ ಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಗಾಜಿನ ಕೋಣೆಯಲ್ಲಿ ಆಕೆ ಕೂರುತ್ತಿದ್ದಳು. ಹಣಕಾಸಿನ ಕಾಗದ ಯಾವುದೇ ಇರಲಿ, ಆ ಕೋಣೆಯ ಫ್ಯಾಕ್ಸ್ ಮಿಷನ್ ದಾಟದೆ ಹೊರಗೆ ಹೋಗುವಂತಿರಲಿಲ್ಲ. ಯಾರು ಕಳಿಸಿದರು, ಯಾರಿಗೆ, ಯಾರ ಅಪ್ಪಣೆಯ ಮೇಲೆ ಎಂಬುದರ ಸಮೇತ ಪ್ರತಿಯೊಂದರ ನಕಲೂ ಆ ಮಿಷನ್ನಿನಲ್ಲಿ ಉಳಿಯಬೇಕು. ಎಷ್ಟೋ ವರ್ಷದ ಮೇಲೆ ಸರ್ಕಾರದವರು ಬಂದು ಕೇಳಿದರೂ ತೋರಿಸಬೇಕು. ಕಾನೂನು ಹಾಗಿತ್ತು. ಕಚೇರಿಯವರೆಲ್ಲ ಆಕೆಯನ್ನು ರವಾನೆಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ಲಾರಿ ಓಡಿಸುತ್ತ ತಿಂಗಳ ಬಹುಪಾಲು ಊರಾಚೆ. ಮನೆಯಲ್ಲಿ ಅತ್ತೆ, ಮತ್ತೆ ಫ್ರಿಜ್ ರಿಪೇರಿ ಮಾಡುವ ಮೈದುನ.

"ಬೆಳಗಿಂದ ಸಂಜೆ ತನಕ ಕಾಗದ ಈ ಕಡೆಯಿಂದ ಹಾಕಿ ಆ ಕಡೆಯಿಂದ ತೆಗೆಯೋದು. ಅದಕ್ಕೆ ಸಂಬಳ ಬೇರೆ!" ಎಂದು ಅತ್ತೆ ನಗುತ್ತಿದ್ದರು. ಸೊಸೆಗೂ ನಗು ಬರುತ್ತಿತ್ತು. ತಪ್ಪು ಆಗದಿದ್ದಷ್ಟು ದಿನ ಆ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ತಪ್ಪು ಆದದ್ದು ಅರ್ಧ ವರ್ಷದ ಲೆಕ್ಕ ಹೊರಬೀಳುವ ಹಿಂದಿನ ದಿನ. ಆ ಸಲ ಕಂಪನಿಗೆ ದೊಡ್ಡ ನಷ್ಟ. ಮಾರನೆಯ ಬೆಳಿಗ್ಗೆ ಆಡಳಿತ ಮಂಡಳಿ ಸೇರಿ ಅದನ್ನು ಪ್ರಕಟಿಸಬೇಕಿತ್ತು. ಅಲ್ಲಿಯವರೆಗೆ ಹೊರಗಿನ ಒಂದು ನರಪಿಳ್ಳೆಗೂ ಸುದ್ದಿ ತಿಳಿಯಕೂಡದು. ಊರಿನಲ್ಲಿ ಎಷ್ಟೋ ಮನೆಗಳ ಉಳಿತಾಯ ಆ ಕಂಪನಿಯ ಷೇರಿನಲ್ಲೇ ಇತ್ತು. ಮೊದಲೇ ತಿಳಿದವನು ಮಾರಿಕೊಂಡು ಪಾರಾದರೆ ಉಳಿದವರೆಲ್ಲ ಮುಳುಗಿದಂತೆ.

ಕೊನೆಯ ಪರಿಶೀಲನೆಗೆಂದು ಆ ಲೆಕ್ಕದ ಹಾಳೆಗಳು ಆಡಿಟರ ಕಚೇರಿಗೆ ಹೋಗಬೇಕಿತ್ತು. ಕಳಿಸುವ ಮೊದಲು ಫೋನ್ ಮಾಡಿ ನಂಬರ್ ಖಚಿತ ಮಾಡಿಕೊಳ್ಳಬೇಕೆಂಬುದು ನಿಯಮ. ಅವತ್ತು ಮಧ್ಯಾಹ್ನ ಎಷ್ಟು ಸಲ ಮಾಡಿದರೂ ಅವರ ಫೋನ್ ಎಂಗೇಜ್. ಹಣಕಾಸಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಇನ್ನೂ ಹೋಗಿಲ್ವೇನ್ರೀ?" ಎಂದು ಕಾಲು ಕುಟ್ಟುತ್ತಿದ್ದರು. ರವಾನೆಯಮ್ಮ ಮಿಷನ್ನಿನಲ್ಲಿದ್ದ ನಂಬರನ್ನೇ ಒತ್ತಿದಳು. ಹಾಳೆಗಳು ಒಂದೊಂದಾಗಿ ಒಳಹೋದವು. ತಲುಪಿದೆ ಎಂಬ ಚೀಟಿ ಬಂತು.

ಸ್ವಲ್ಪ ಹೊತ್ತಿನಲ್ಲೇ ಆಡಿಟರ ಕಚೇರಿಯಿಂದ ಫೋನು. "ಏನಮ್ಮ, ಇನ್ನೂ ಕಳಿಸಿಲ್ವಾ?"

"ಆಗ್ಲೇ ಕಳಿಸಿದ್ನಲ್ಲ ಸಾರ್."

"ಯಾವ ನಂಬರಿಗೆ? ನಮ್ಮ ನಂಬರ್ ಬದಲಾಯ್ತು ಅಂತ ಹೋದ ವಾರವೇ ನಿಮ್ಮ ಮ್ಯಾನೇಜರ್‌ಗೆ ಹೇಳಿದ್ವಲ್ಲ!"

ಆಕೆ ಚೀಟಿಯ ಮೇಲಿನ ನಂಬರನ್ನು ಮತ್ತೆ ನೋಡಿದಳು. ಹೋದ ವಾರ ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಅವಳು ರಜೆಯಲ್ಲಿದ್ದಳು.

ವಿಷಯ ಕೇಳಿ ಮ್ಯಾನೇಜರ ಮುಖ ಸುಣ್ಣ ಬಳಿದಂತಾಯಿತು. ಬಾಗಿಲು ಮುಚ್ಚಿ, ದನಿ ತಗ್ಗಿಸಿ ಅಂದರು: "ನೋಡಿ, ಹೊಸ ನಂಬರಿಗೆ ಇನ್ನೊಂದು ಸಲ ಕಳಿಸಿಬಿಡಿ. ಮೊದಲನೇದು ಹೋಗಲೇ ಇಲ್ಲ ಅಂತ ಬರೆದರಾಯ್ತು."

"ಹೋಗಿದೆ ಅಂತ ಮಿಷನ್ನೇ ಹೇಳ್ತಿದೆ ಸಾರ್."

"ಮಿಷನ್ನಿಗೇನು ಬಾಯಿ ಇದೆಯೇನ್ರೀ?"

"ಇದೆ ಸಾರ್. ಆ ಬಾಯಿ ಯಾರೂ ಮುಚ್ಚೋಕಾಗಬಾರ್ದು ಅಂತಾನೇ ಅಲ್ವಾ ಇದನ್ನ ತಂದಿಟ್ಟಿರೋದು?"

ಧೈರ್ಯದಿಂದ ಆಡಿದ ಮಾತಲ್ಲ ಅದು, ಹೆದರಿಕೆಯಿಂದ ಬಂದದ್ದು. ಮೇಲಿನ ಮಹಡಿಗೆ ಹೋಗಿ, ನಿಯಮಗಳನ್ನು ನೋಡಿಕೊಳ್ಳುವ ಅಧಿಕಾರಿ ಮೇಡಂಗೆ ಆದದ್ದನ್ನು ಹೇಳಿದಳು. ಅವರು ಕನ್ನಡಕ ತೆಗೆದಿಟ್ಟು ಅಂದರು: "ಯಾರೂ ಓದೋಕೆ ಮುಂಚೆ ಎಲ್ಲ ಹಾಳೆ ವಾಪಸ್ ಬಂದರೆ ನಾಳೆ ಸಭೆ ನಡೆಯುತ್ತೆ. ಒಬ್ಬರು ಓದಿದ್ರೂ ಇವತ್ತು ಸಂಜೆಯೇ ಜನಕ್ಕೆಲ್ಲ ಹೇಳಿಬಿಡಬೇಕು. ನೀವೇ ಹೋಗಿ. ನಾನು ಕಾಯ್ತಿರ್ತೀನಿ."

ರವಾನೆಯಮ್ಮ ಆ ಹಳೆಯ ನಂಬರಿಗೆ ಫೋನ್ ಮಾಡಿದಳು.

"ಹಲೋ, ಬೀಗ, ಚಿಲಕ, ಮೊಳೆ, ಏನು ಬೇಕು ಹೇಳಿ," ಎಂದಿತು ಗಡಸು ದನಿ. ಆ ನಂಬರ್ ಈಗ ಒಂದು ಕಬ್ಬಿಣದ ಸಾಮಾನಿನ ಅಂಗಡಿಯ ಪಾಲಾಗಿತ್ತು.

"ನಿಮಗೊಂದು ಫ್ಯಾಕ್ಸ್ ಬಂತಾ?"

"ಬಂತು ತಾಯಿ. ಬರೀ ಅಂಕಿ. ಕಾಗದ ಮಾತ್ರ ಗಟ್ಟಿಯಾಗಿದೆ."

"ಅಯ್ಯೋ, ದಯವಿಟ್ಟು ಅದನ್ನ ಮುಟ್ಟಬೇಡಿ!"

"ಮುಟ್ಟಬೇಡಿ ಅಂದ್ರೆ? ಆಗ್ಲೇ ಅದರಲ್ಲಿ ಮೊಳೆ ಕಟ್ಟಿ ಕೊಟ್ಟೆನಲ್ಲ."

ಆಕೆ ಫೋನ್ ಮಾಡಿ ಕರೆದೊಡನೆ ಮೈದುನ ಬೈಕಿನಲ್ಲಿ ಬಂದ. "ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತಿಗೆ," ಎಂದವನು ಸಂದಿಗೊಂದಿಯಲ್ಲೆಲ್ಲ ನುಗ್ಗಿಸಿದ. ಅಂಗಡಿಯವನು ಗಲ್ಲಾದ ಕೆಳಗಿನಿಂದ ಹಾಳೆಗಳನ್ನು ತೆಗೆದುಕೊಟ್ಟ. ಆಕೆ ಅಲ್ಲೇ ನಿಂತು ಮಗುಚಿ ನೋಡಿದಳು. ಇಲ್ಲದ್ದು ಒಂದೇ ಹಾಳೆ, ನಷ್ಟದ ಮೊತ್ತ ಇದ್ದದ್ದು. ಅದರಲ್ಲೇ ಮೊಳೆ ಒಯ್ದವನು ನೀರಿನ ಟ್ಯಾಂಕಿನ ಹಿಂದೆ ಕಟ್ಟುತ್ತಿರುವ ಮನೆಯ ಬಡಗಿ ಎಂದ ಅಂಗಡಿಯವನು.

ಆ ಮನೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಮರದ ಹೊಟ್ಟಿನ ನಡುವೆ ಬಡಗಿ ಉಳಿ ಹಿಡಿದು ಕೂತಿದ್ದ. ಹಾಳೆ ಅವನ ಹತ್ತಿರ ಇರಲಿಲ್ಲ. ಕಿಟಕಿಯ ಬೆಳಕಿನಲ್ಲಿ ನಿಂತಿದ್ದ ಮನೆಯ ಯಜಮಾನರು, ನಿವೃತ್ತ ಶಾಲಾ ಮೇಷ್ಟರು, ಅದರ ಸುಕ್ಕು ಬಿಡಿಸಿ ಓದುತ್ತಿದ್ದರು.

"ಸಾರ್, ಅದು ನಮ್ಮ ಕಂಪನಿದು. ತಪ್ಪಿ ಬಂದಿದೆ. ಕೊಟ್ಟುಬಿಡಿ."

ಮೇಷ್ಟರು ತಲೆಯೆತ್ತಿದರು. "ಇಷ್ಟು ನಷ್ಟ ನಿಜವೇನಮ್ಮ?"

ಆಕೆಗೆ ಬಾಯಿ ಬರಲಿಲ್ಲ. ಅಷ್ಟೇ ಸಾಕಾಯಿತು ಅವರಿಗೆ.

"ಈ ಗೋಡೆಗಳು ನಿಂತಿರೋದೇ ನಿಮ್ಮ ಷೇರಿನ ಮೇಲೆ. ಪೆನ್ಷನ್ ದುಡ್ಡೆಲ್ಲ ಅದರಲ್ಲೇ ಹಾಕಿದ್ದೆ," ಎಂದವರು ಹಾಳೆಯನ್ನು ನಾಲ್ಕಾಗಿ ಮಡಿಸಿ ಕೈಗಿಟ್ಟರು. "ತಗೊಳ್ಳಿ. ನಾನು ನೋಡೇ ಇಲ್ಲ ಅಂದ್ಕೊಳ್ಳಿ. ನಾಳೆ ಬೆಳಿಗ್ಗೆ ಪೇಟೆ ತೆರೀತಿದ್ದ ಹಾಗೆ ಮಾರಿಕೊಳ್ತೀನಿ. ಯಾರಿಗೇನು ಗೊತ್ತಾಗುತ್ತೆ?"

"ಹಾಗೆ ಮಾಡೋ ಹಾಗಿಲ್ಲ ಸಾರ್. ನೀವು ನೋಡಿದ್ದೀರಿ ಅಂತ ನಾನು ಹೇಳಲೇಬೇಕು."

"ಹೇಳಿದ್ರೆ ನಿಮಗೇನು ಬರುತ್ತಮ್ಮ?" ಎಂದರು ಮೇಷ್ಟರು. "ನೀವು ಬರದೇ ಇದ್ದಿದ್ರೆ ನಾನು ಬದುಕ್ಕೊಳ್ತಿದ್ದೆ."

ಬಡಗಿ ಉಳಿ ಕೆಳಗಿಟ್ಟು ಇಬ್ಬರನ್ನೂ ನೋಡಿದ. ಆಕೆ ಕೈಮುಗಿದು ಹೊರಗೆ ಬಂದಳು. ಬೈಕ್ ಹತ್ತುವಾಗ ಮೈದುನ ಮೆಲ್ಲಗೆ, "ಅತ್ತಿಗೆ, ಹಾಳೆ ಎಲ್ಲ ಸಿಕ್ತಲ್ಲ. ಸಿಕ್ತು ಅಂತಷ್ಟೇ ಹೇಳಿ. ಅದೂ ಸುಳ್ಳಲ್ಲ," ಅಂದ. ಆ ಮಾತು ಎಷ್ಟು ಸಲೀಸಾಗಿ ಆಕೆಯ ನಾಲಿಗೆ ತುದಿಗೆ ಬಂದು ಕೂತಿತ್ತೆಂದರೆ, ಅಧಿಕಾರಿ ಮೇಡಂ ಎದುರು ನಿಂತಾಗ ಅದನ್ನು ಉಗುಳು ನುಂಗಿದ ಹಾಗೆ ನುಂಗಬೇಕಾಯಿತು.

"ಎಲ್ಲ ಸಿಕ್ತು ಮೇಡಂ. ಆದ್ರೆ ಒಬ್ಬರು ಓದಿದ್ದಾರೆ. ಅವರ ಹತ್ರ ನಮ್ಮ ಷೇರಿದೆ."

ಆ ಸಂಜೆಯೇ ಕಂಪನಿ ನಷ್ಟವನ್ನು ಪ್ರಕಟಿಸಿತು. ಬೆಳಿಗ್ಗೆ ಷೇರು ಕುಸಿಯಿತು, ತಿಳಿದವರಿಗೂ ತಿಳಿಯದವರಿಗೂ ಒಂದೇ ಸಮನಾಗಿ.

ವಿಚಾರಣೆ ನಡೆಯಿತು. ಫೋನ್ ಮಾಡದೆ ಕಳಿಸಿದ್ದು ತನ್ನ ತಪ್ಪೆಂದು ಆಕೆ ಒಪ್ಪಿಕೊಂಡಳು. ಎಚ್ಚರಿಕೆ ಪತ್ರ ಸಿಕ್ಕಿತು, ಬರಬೇಕಿದ್ದ ಬಡ್ತಿ ತಪ್ಪಿತು. ನಂಬರ್ ಬದಲಾದದ್ದು ಯಾರಿಗೆ ಗೊತ್ತಿತ್ತೆಂದೂ ಕೇಳಿದರು. ಕೊನೆಗೆ ಮ್ಯಾನೇಜರು, "ನನಗೆ ಹೇಳಿರಬಹುದು. ನೆನಪಿಲ್ಲ," ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಕಾಲರು ಬೆವರಿನಿಂದ ತೊಯ್ದಿತ್ತು. ಅದಕ್ಕಿಂತ ಹೆಚ್ಚನ್ನು ಆಕೆ ನಿರೀಕ್ಷಿಸಿಯೂ ಇರಲಿಲ್ಲ. ಮುಂದೆ ಯಾವ ಹಾಳೆ ಹೋಗಬೇಕಾದರೂ ಇಬ್ಬರು ನಂಬರ್ ನೋಡಬೇಕೆಂದಾಯಿತು.

ಅತ್ತೆ ಎಲ್ಲ ಕೇಳಿಸಿಕೊಂಡು, ತಟ್ಟೆ ಇಟ್ಟು, "ಉಣ್ಣು ಮೊದಲು," ಅಂದರು. ಸಂಬಳದ ಹಾಸ್ಯವನ್ನು ಆಮೇಲೆ ಬಹಳ ದಿನ ಎತ್ತಲಿಲ್ಲ.

ಆಕೆಯನ್ನು ಕೊರೆಯುತ್ತಿದ್ದದ್ದು ಬಡ್ತಿಯಲ್ಲ, ಮೇಷ್ಟರು. ಆ ಮನೆಗೆ ಮಹಡಿ ಏರಲಿಲ್ಲ, ಗೋಡೆಗೆ ಸಿಮೆಂಟು ಬಳಿದಷ್ಟಕ್ಕೇ ನಿಂತಿತು. ಆಕೆ ಆ ಬೀದಿಯನ್ನೇ ತಪ್ಪಿಸಿ ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವರು ಎದುರಾದರು. ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದವರು ಆಕೆಯನ್ನು ಕಂಡು ಮುಖ ತಿರುಗಿಸಿದರು. ಆಕೆ ದೂರವೇ ನಿಂತಳು. ಬಸ್ಸು ಬರಲಿಲ್ಲ. ಬಿಸಿಲು ಏರಿತು.

"ನನ್ನ ಕೋಪ ಇಳಿದಿಲ್ಲ," ಎಂದರು ಮೇಷ್ಟರು, ರಸ್ತೆಯನ್ನೇ ನೋಡುತ್ತ. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನು ತೊಡೆಗೆ ಎತ್ತಿಕೊಂಡು ಕೊಂಚ ಸರಿದರು. "ಬಿಸಿಲಲ್ಲಿ ನಿಂತ್ಕೋಬೇಡಿ. ಕೂತ್ಕೊಳ್ಳಿ."